ಹನಿಗೊಂದು ಹೆಸರು

ಮನೆ ಸೋರುತ್ತದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಯಾವ ಗೃಹಿಣಿಗೂ ಹಿತವಾದ ಮಾತಲ್ಲ. ಹೆಂಚಿನ ಮನೆ ಸೋರಿದರೆ ಅದಕ್ಕೊಂದು ಘನತೆಯಾದರೂ ಇದೆ. ಸೋರುವ ಕಡೆ ಚೆಂಬು ಇಡುವುದು, ತಪ್ಪಲೆ ಇಡುವುದು, ಹಾಸಿಗೆಯನ್ನು ಮೂಲೆಗೆ ಎಳೆಯುವುದು, ಮಳೆಗಾಲ ಕಳೆದ ಮೇಲೆ ಹೆಂಚು ಕೈಯಾಡಿಸುವವನಿಗೆ ಹೇಳಿ ಕಳಿಸುವುದು, ಇವೆಲ್ಲ ನಮ್ಮ ತಾಯಂದಿರ ಕಾಲದಿಂದ ನಡೆದುಬಂದ ಪದ್ಧತಿ. ಆದರೆ ಸಾಲ ಮಾಡಿ, ಬಳೆ ಅಡವಿಟ್ಟು, ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ಕಟ್ಟಿಸಿದ ಕಾಂಕ್ರೀಟಿನ ಮನೆ ಸೋರಿದರೆ ಯಾರ ಹತ್ತಿರ ಹೇಳುವುದು? ಹಾಗಾಗಿ ಮೂರು ವರ್ಷ ನಾನು ಹೊರಗಿನ ಯಾರಿಗೂ ಹೇಳಲಿಲ್ಲ. ಹೇಳಿದ್ದು ಒಬ್ಬಳಿಗೆ ಮಾತ್ರ. ಅದೂ ಹೇಳಬಾರದ ಹೊತ್ತಿನಲ್ಲಿ, ಹೇಳಬಾರದ ರೀತಿಯಲ್ಲಿ.

ನಮ್ಮದು ಎರಡಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಮೈದುನನ ಸಂಸಾರ. ಅತ್ತೆ ನಮ್ಮ ಜೊತೆಗಿದ್ದಾರೆ. ಎಂಬತ್ತಾರು ದಾಟಿದೆ, ಮೆಟ್ಟಿಲು ಹತ್ತಲಾರರು. ಮೇಲಿನವರ ಬಾಲ್ಕನಿಯ ನೆಲವೇ ನಮ್ಮ ಪೋರ್ಟಿಕೋದ ಚಾವಣಿ. ಆ ಚಾವಣಿಯಲ್ಲಿ ಮೊದಲು ಕಾಣಿಸಿದ್ದು ಅಂಗೈ ಅಗಲದ ಒಂದು ತೇವದ ಕಲೆ. ಆಮೇಲೆ ಕೂದಲೆಳೆಯಂಥ ಬಿರುಕು, ಬಿರುಕಿನ ಉದ್ದಕ್ಕೂ ಬಿಳಿಯ ಗೆರೆ, ಗೆರೆಯ ಒಂದು ಕಡೆ ಮೊಸರು ಹೆಪ್ಪುಗಟ್ಟಿದಂಥ ಗುಬುಟು. ಕೆರೆಸಿ ಬಣ್ಣ ಬಳಿಸಿದೆವು. ಮತ್ತೆ ಬಂತು. ಮತ್ತೆ ಕೆರೆಸಿದೆವು. ಎರಡು ಸಲಕ್ಕೆ 12,000 ರೂಪಾಯಿ ಖರ್ಚಾಯಿತು. ಈ ಬೇಸಿಗೆಯ ಹೊತ್ತಿಗೆ ಆ ಜಾಗದಲ್ಲಿ ಬೆರಳುದ್ದದ ಬಿಳೀ ಕೊಳವೆಯೊಂದು ಇಳಿಬಿದ್ದಿತ್ತು. ಎಳನೀರು ಕುಡಿಯುವ ಸ್ಟ್ರಾ ಇದೆಯಲ್ಲ, ಹಾಗೆ. ಅದರ ತುದಿಯಲ್ಲಿ ಸದಾ ಒಂದು ಹನಿ, ಬೀಳಲೋ ಬೇಡವೋ ಎಂದು ಯೋಚಿಸುತ್ತ ನಿಂತಿರುತ್ತಿತ್ತು. ಬಿದ್ದರೆ ನೇರವಾಗಿ ನಮ್ಮ ಸ್ಕೂಟರಿನ ಮೇಲೆ. ಒಣಗಿದ ಮೇಲೆ ಉಜ್ಜಿದರೂ ಹೋಗದ ಬಿಳಿ ಚುಕ್ಕೆ.

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಮೊದಲ ದಿನವೇ ಅದನ್ನು ಕಂಡು, ಅಂಗಳದಲ್ಲಿ ನಿಧಿ ಸಿಕ್ಕವಳ ಹಾಗೆ ಕೂಗಿದಳು. “ಅಜ್ಜೀ, ನಮ್ಮನೆಯಲ್ಲಿ ಸ್ಟ್ಯಾಲಕ್ಟೈಟ್ ಬೆಳೆದಿದೆ!”

“ಅದೇನೋ ಬೆಳೆದಿದೆ ಕಣೆ, ಮೊದಲು ಮೆಲ್ಲಗೆ ಮಾತಾಡು” ಎಂದೆ. ಪಕ್ಕದ ಮನೆಯವರಿಗೆ ಕೇಳಿಸೀತೆಂಬ ಭಯ ನನಗೆ.

ಅವಳು ಏಳನೆಯ ತರಗತಿ ಮುಗಿಸಿದ ಹುಡುಗಿ. ಗುಹೆಗಳ ಪಾಠದಲ್ಲಿ ಓದಿದ್ದಾಳಂತೆ. ಚಾವಣಿಯಿಂದ ಇಳಿಯುವುದು ಸ್ಟ್ಯಾಲಕ್ಟೈಟ್, ನೆಲದಿಂದ ಏಳುವುದು ಸ್ಟ್ಯಾಲಗ್ಮೈಟ್. ಒಂದರಲ್ಲಿ ಸಿ ಇದೆ, ಸೀಲಿಂಗಿನ ಸಿ. ಇನ್ನೊಂದರಲ್ಲಿ ಜಿ ಇದೆ, ಗ್ರೌಂಡಿನ ಜಿ. ಹಾಗೆ ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲಿ ತಪ್ಪುವುದಿಲ್ಲ. ಇಷ್ಟು ಹೇಳಿ ಕೊನೆಯಲ್ಲಿ ನನ್ನ ಕಡೆ ತಿರುಗಿ ಕೇಳಿದಳು. “ಅಜ್ಜಿ, ಇದಕ್ಕೆ ಕನ್ನಡದಲ್ಲಿ ಏನಂತಾರೆ? ನೀನು ಕನ್ನಡ ಟೀಚರ್ ಅಲ್ವಾ?”

ನೋಡಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಸಂಧಿ, ಸಮಾಸ, ಅಲಂಕಾರ ಎಂದು ಎಷ್ಟು ಮಕ್ಕಳನ್ನು ಗೋಳು ಹೊಯ್ದುಕೊಂಡಿದ್ದೇನೋ ಲೆಕ್ಕವಿಲ್ಲ. ಸ್ವಂತ ಮನೆಯ ಚಾವಣಿಯಿಂದ ಇಳಿಬಿದ್ದ ವಸ್ತುವಿಗೆ ನನ್ನ ಬಾಯಲ್ಲಿ ಹೆಸರಿರಲಿಲ್ಲ. “ತಾಳು, ಹೇಳುತ್ತೇನೆ” ಎಂದು ಗಂಭೀರವಾಗಿ ಒಳಗೆ ಬಂದೆ. ಟೀಚರುಗಳಿಗೆ ಉತ್ತರ ಗೊತ್ತಿಲ್ಲದಾಗ ಹೀಗೆ ಗಂಭೀರವಾಗಿ ನಡೆಯುವುದು ಅಭ್ಯಾಸ.

ಆಗ ನನಗೆ ನೆನಪಾದದ್ದು ಬೇಲಂ ಗುಹೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಒಂದು ವ್ಯಾನು ಮಾಡಿಕೊಂಡು, ಚಪಾತಿ ಕಟ್ಟಿಕೊಂಡು, ಅನಂತಪುರ ತಾಡಿಪತ್ರಿ ದಾಟಿ ಅಲ್ಲಿಗೆ ಹೋಗಿದ್ದೆವು. ಆಗ ಅದು ಕರ್ನೂಲು ಜಿಲ್ಲೆಯಲ್ಲಿತ್ತು, 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ಮೇಲೆ ನೋಡಿದರೆ ಬರೀ ಬಯಲು. ನಡುವೆ ಬಾವಿಯಂಥ ಹೊಂಡ. ಮೆಟ್ಟಿಲಿಳಿದರೆ ಒಳಗೆ 3,229 ಮೀಟರ್ ಉದ್ದದ ಪಾತಾಳ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲೇ ಇದರ ಬಗ್ಗೆ ಬರೆದಿಟ್ಟಿದ್ದರು. ನೂರು ವರ್ಷ ಕಳೆದ ಮೇಲೆ, 1982ರ ಸುಮಾರಿನಲ್ಲಿ, ಡೇನಿಯಲ್ ಗೆಬಾವರ್ ಎಂಬ ಜರ್ಮನಿಯವರ ತಂಡ ಬಂದು ಒಳಗೆಲ್ಲ ತೆವಳಿ ಅಳೆದು ನಕ್ಷೆ ಮಾಡಿತು. ನಮ್ಮಂಥವರು ನೋಡಲು ದೀಪ, ಗಾಳಿ, ದಾರಿ ಎಲ್ಲ ಆಗಿ ಬಾಗಿಲು ತೆರೆದದ್ದು 2002ರಲ್ಲಿ. ಬೇಲಂ ಎಂಬ ಹೆಸರು ಬಂದದ್ದು ಸಂಸ್ಕೃತದ ‘ಬಿಲ’ದಿಂದ ಎನ್ನುತ್ತಾರೆ. ಇಲಿಯ ಬಿಲ, ಹಾವಿನ ಬಿಲ ಎಂದು ನಾವು ದಿನವೂ ಆಡುವ ಅದೇ ಬಿಲ.

ಆ ಬಿಲದೊಳಗೆ ಒಂದು ಕಡೆ ಎತ್ತರದ ಹಜಾರವಿದೆ. ಅಲ್ಲಿ ಕಂಬದಂಥ ಬಂಡೆ, ಅದರ ಸುತ್ತ ಚಾವಣಿಯಿಂದ ನೂರಾರು ಕಲ್ಲಿನ ಎಳೆಗಳು ಇಳಿಬಿದ್ದಿವೆ. ಆ ಜಾಗಕ್ಕೆ ತೆಲುಗಿನವರು ಇಟ್ಟ ಹೆಸರು ಊಡಲಮರ್ರಿ. ಮರ್ರಿ ಎಂದರೆ ಆಲದ ಮರ, ಊಡಲು ಎಂದರೆ ಅದರ ಬಿಳಲು. ಬಿಳಲು ಬಿಟ್ಟ ಆಲ! ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ನಮಗೆಲ್ಲ ಆ ಹೆಸರು ಕೇಳಿದ ಕೂಡಲೇ ಕಲ್ಲಿನ ಮರ ಕಣ್ಣಿಗೆ ಕಟ್ಟಿತ್ತು.

ಇದನ್ನು ನೆನೆದು ನಾನು ಮೊಮ್ಮಗಳಿಗೆ ಘೋಷಿಸಿದೆ. “ಇದು ಬಿಳಲುಗಲ್ಲು. ಆಲದ ಬಿಳಲಿನ ಹಾಗೆ ಮೇಲಿನಿಂದ ಇಳಿಬೀಳುವ ಕಲ್ಲು.” ಬೇಕಾದರೆ ತೂಗುಗಲ್ಲು ಎಂದರೂ ಆದೀತು ಎಂದು ಔದಾರ್ಯವನ್ನೂ ತೋರಿದೆ. ಸಮಾಸ ಬಿಡಿಸಿ ತೋರಿಸಿದ್ದೂ ಆಯಿತು.

ಅವಳಿಗೆ ಒಪ್ಪಿಗೆಯಾಗಲಿಲ್ಲ. ಈಗಿನ ಮಕ್ಕಳು ಟೀಚರು ಹೇಳಿದ್ದನ್ನು ನಂಬುವುದಿಲ್ಲ, ಫೋನು ಹೇಳಿದ್ದನ್ನು ನಂಬುತ್ತವೆ. ಅದನ್ನು ಕೆದಕಿ, “ಅಜ್ಜಿ, ತೂಗೋದು ಅಂತ ಅರ್ಥವೇ ಇಲ್ಲ. ಗ್ರೀಕ್ ಭಾಷೆಯಲ್ಲಿ ಸ್ಟಲಾಕ್ಟೋಸ್ ಅಂದರೆ ಹನಿ ಹನಿಯಾಗಿ ಸೋರುವುದು” ಎಂದಳು. ನನಗೂ ಹಟ ಬಂತು. ಕನ್ನಡಕ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ನಿದ್ದೆ ಅವತ್ತು ಹಾರಿಹೋಯಿತು.

ಆ ಪದವನ್ನು ಟಂಕಿಸಿದವರು ಡೆನ್ಮಾರ್ಕಿನ ಒಬ್ಬ ವೈದ್ಯರು. ಹೆಸರು ಓಲೆ ವೋರ್ಮ್. ಕಿವಿಯ ಓಲೆಯಲ್ಲ, ಆದರೆ ನೆನಪಿಟ್ಟುಕೊಳ್ಳಲು ನಮಗದು ಅನುಕೂಲ. ಕೋಪನ್‌ಹೇಗನ್ನಿನಲ್ಲಿ ವೈದ್ಯವೃತ್ತಿ ಮಾಡುತ್ತಲೇ ಅವರು ಮನೆ ತುಂಬ ಲೋಕದ ವಿಚಿತ್ರಗಳನ್ನೆಲ್ಲ ಕೂಡಿಹಾಕಿದ್ದರು. ಚಿಪ್ಪು, ಕೊಂಬು, ಅಸ್ಥಿಪಂಜರ, ಕಲ್ಲು, ಏನುಂಟು ಏನಿಲ್ಲ. ಒಂಟಿಕೊಂಬಿನ ಕುದುರೆಯ ಕೊಂಬೆಂದು ರಾಜರು ಚಿನ್ನ ಸುರಿದು ಕೊಳ್ಳುತ್ತಿದ್ದ ವಸ್ತು ನಿಜವಾಗಿ ನಾರ್ವಾಲ್ ಎಂಬ ಕಡಲ ಪ್ರಾಣಿಯ ಹಲ್ಲು ಎಂದು ತೋರಿಸಿಕೊಟ್ಟವರೂ ಇವರೇ. 1654ರಲ್ಲಿ ಆ ಊರಿಗೆ ಪ್ಲೇಗು ಬಂದಾಗ ರೋಗಿಗಳ ನಡುವೆಯೇ ಇದ್ದು ಅದಕ್ಕೇ ಬಲಿಯಾದರು. ಮರುವರ್ಷ, 1655ರಲ್ಲಿ, ಅವರ ಸಂಗ್ರಹದ ದೊಡ್ಡ ಪುಸ್ತಕ ಅಚ್ಚಾಯಿತು. ಗುಹೆಯ ಚಾವಣಿಯಿಂದ ಇಳಿಬಿದ್ದ ಕಲ್ಲನ್ನು ಕೈಯಲ್ಲಿ ಹಿಡಿದ ಆ ಮನುಷ್ಯ ಅದು ಹೇಗೆ ನೇತಾಡುತ್ತಿದೆ ಎಂಬುದಕ್ಕೆ ಹೆಸರಿಡಲಿಲ್ಲ. ಅದು ಹೇಗೆ ಆಯಿತು ಎಂಬುದಕ್ಕೆ ಹೆಸರಿಟ್ಟರು. ಕೊಂಬಿನ ವಿಷಯದಲ್ಲೂ ಅಷ್ಟೇ ಅಲ್ಲವೇ, ಎಲ್ಲಿಂದ ಬಂತು ಎಂಬುದು ಅವರಿಗೆ ಮುಖ್ಯ.

ಇನ್ನೊಂದು ಸ್ವಾರಸ್ಯ. ನೆಲದಿಂದ ಏಳುವ ಸ್ಟ್ಯಾಲಗ್ಮೈಟ್ ಕೂಡ ಅದೇ ಗ್ರೀಕ್ ಧಾತುವಿನ ಕೂಸು. ಸ್ಟಲಾಗ್ಮಾ ಎಂದರೆ ಹನಿ. ಹಿಂದಿಯವರು ಸಂಸ್ಕೃತದಿಂದ ಕಟ್ಟಿಕೊಂಡ ಪಾರಿಭಾಷಿಕ ಪದಗಳು ಆಶ್ಚುತಾಶ್ಮ ಮತ್ತು ನಿಶ್ಚುತಾಶ್ಮ. ನಾಲಗೆ ಹೊರಳುವುದು ಕಷ್ಟ, ಆದರೆ ಅಲ್ಲಿಯೂ ಶ್ಚುತ್ ಎಂದರೆ ಹನಿಯುವುದು, ಅಶ್ಮ ಎಂದರೆ ಕಲ್ಲು. ನಾವು ಮಕ್ಕಳಿಗೆ ಸೀಲಿಂಗಿನ ಸಿ, ಗ್ರೌಂಡಿನ ಜಿ ಎಂದು ಮೇಲಿನದು ಬೇರೆ, ಕೆಳಗಿನದು ಬೇರೆ ಎಂದು ಉರು ಹೊಡೆಸುತ್ತೇವೆ. ಹೆಸರಿಟ್ಟವರು ಮಾತ್ರ ಎರಡಕ್ಕೂ ಒಂದೇ ಹನಿಯ ಹೆಸರಿಟ್ಟಿದ್ದಾರೆ. ಒಂದೇ ನೀರು ಮೇಲೆ ಸ್ವಲ್ಪ ಸುಣ್ಣ ಬಿಡುತ್ತದೆ, ಕೆಳಗೆ ಬಿದ್ದು ಉಳಿದ ಸುಣ್ಣ ಬಿಡುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಮೇಲಿನದೂ ಕೆಳಗಿನದೂ ಒಂದನ್ನೊಂದು ಮುಟ್ಟಿ ಕಂಬವಾಗುತ್ತವೆ.

ಮೇಲಿನ ಮನೆ, ಕೆಳಗಿನ ಮನೆ. ಆ ಮಾತು ನನಗೆ ಅಲ್ಲೇ ಚುಚ್ಚಿತು. ಆದರೆ ಚುಚ್ಚಿದ್ದನ್ನು ತೋರಗೊಡದೆ ಸಂಜೆಯ ಕಾಫಿಗೆ ಎದ್ದೆ.

ಈಗ ಆ ಕತೆ ಹೇಳಿಬಿಡುತ್ತೇನೆ. ನನ್ನ ವಾರಗಿತ್ತಿಗೆ ಹೂವಿನ ಹುಚ್ಚು. ಬಾಲ್ಕನಿ ತುಂಬ ಕುಂಡಗಳು, ಅದರಲ್ಲೂ ಮಲ್ಲಿಗೆ. ಮೂರು ವರ್ಷದ ಹಿಂದಿನ ಗೌರಿ ಹಬ್ಬದ ಸಂಜೆ, ನಮ್ಮ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಬಂದಿದ್ದ ಏಳೆಂಟು ಹೆಂಗಸರಿಗೆ ಅವಳು ತಾನೇ ಬೆಳೆದ ಮಲ್ಲಿಗೆಯನ್ನು ಮೊಳ ಮೊಳ ಕತ್ತರಿಸಿ ಹಂಚುತ್ತಿದ್ದಳು. ಯಾರೋ ಪೋರ್ಟಿಕೋದ ಕಲೆ ನೋಡಿ, “ಇದೇನ್ರೀ ಮನೆ ಸೋರುತ್ತಾ?” ಎಂದರು. ನನಗೆ ಎಲ್ಲಿಲ್ಲದ ಅವಮಾನವಾಯಿತು. “ನಮ್ಮ ತಂಗಿಯ ಮಲ್ಲಿಗೆಗೆ ದಿನಾ ನೀರು. ಹೂವು ಅವಳ ಜಡೆಗೆ, ನೀರು ನಮ್ಮ ತಲೆಗೆ” ಎಂದೆ. ನಗುತ್ತಲೇ ಅಂದೆ. ಎಲ್ಲರೂ ನಕ್ಕರು. ಅವಳು ಹೂವಿನ ತಟ್ಟೆಯನ್ನು ಮೆಲ್ಲಗೆ ಗೌರಿಯ ಮುಂದೆ ಇಟ್ಟು ಮೇಲೆ ಹೋದಳು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ನಾನು ರಂಗೋಲಿ ಹಾಕುವ ಹೊತ್ತಿಗೆ ಸರಿಯಾಗಿ ಹಾಲಿಗೆ ಹೋಗುತ್ತಿದ್ದವಳು ಹೊತ್ತು ಬದಲಾಯಿಸಿಕೊಂಡಳು. ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋಗುವುದನ್ನು ಬಿಟ್ಟು ಹಿತ್ತಲಲ್ಲಿ ಹಗ್ಗ ಕಟ್ಟಿಸಿದೆ. ಮೈದುನ ದಿನವೂ ಹಿಂದಿನ ಬಾಗಿಲಿನಿಂದ ಬಂದು ತಾಯಿಯ ಹತ್ತಿರ ಐದು ನಿಮಿಷ ಕೂತು ಹೋಗುತ್ತಿದ್ದ. ಅಣ್ಣ ತಮ್ಮಂದಿರ ಮಧ್ಯೆ ಮನೆ ತೆರಿಗೆ, ವಿದ್ಯುತ್ ಬಿಲ್ಲು ಇಷ್ಟೇ ಮಾತು ಉಳಿಯಿತು. ಅತ್ತೆ ಯಾರಿಗೂ ಏನೂ ಹೇಳಲಿಲ್ಲ. ಆದರೆ ಹಬ್ಬದ ದಿನ ಒಂದೇ ಮನೆಯಲ್ಲಿ ಎರಡು ಒಲೆಯ ಪಾಯಸದ ವಾಸನೆ ಬಂದಾಗ ಅವರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಮೊಮ್ಮಗಳು ಮರುದಿನವೂ ಬಿಡಲಿಲ್ಲ. ಗುಹೆಯಲ್ಲಾದರೆ ಇದು ವರ್ಷಕ್ಕೆ ಸರಾಸರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಬೆಳೆಯುತ್ತದಂತೆ. ಆ ಲೆಕ್ಕದಲ್ಲಿ ಒಂದು ಅಡಿ ಇಳಿಯಲು ಮೂರು ಸಾವಿರ ವರ್ಷ ಬೇಕು. ನಮ್ಮದು ಒಂದು ವರ್ಷದಲ್ಲಿ ಬೆರಳುದ್ದ ಬಂದದ್ದು ಹೇಗೆ? ಕಾಂಕ್ರೀಟಿನಲ್ಲಿ ಬೆಳೆಯುವ ಇಂಥ ಕಲ್ಲನ್ನೂ ಕೂತು ಅಳೆದವರಿದ್ದಾರೆ. ಆಸ್ಟ್ರೇಲಿಯಾದ ಗ್ಯಾರಿ ಸ್ಮಿತ್ ಎಂಬವರು ದಿನಕ್ಕೆ 2 ಮಿಲಿಮೀಟರಿನಷ್ಟು ಬೆಳೆದದ್ದನ್ನೂ ಕಂಡಿದ್ದಾರೆ. ಗುಹೆಯದಲ್ಲದ ಈ ಜಾತಿಗೆ ಅವರು ಬೇರೆಯೇ ಹೆಸರು ಕೊಟ್ಟು 2016ರಲ್ಲಿ ಪ್ರಕಟಿಸಿದರು. ಕ್ಯಾಲ್ತೆಮೈಟ್. ಸುಣ್ಣ ಎಂಬ ಲ್ಯಾಟಿನ್ ಮಾತಿಗೆ ಶೇಖರವಾದದ್ದು ಎಂಬ ಗ್ರೀಕ್ ಮಾತು ಸೇರಿಸಿದ್ದು.

ಇದರ ಗುಟ್ಟು ತಿಳಿಯಲು ನಮಗೆ ಪ್ರಯೋಗಶಾಲೆ ಬೇಕಾಗಿಲ್ಲ, ಅತ್ತೆಯ ಸುಣ್ಣದ ಡಬ್ಬಿ ಸಾಕು. ಎಲೆ ಅಡಿಕೆಯ ಸುಣ್ಣಕ್ಕೆ ನೀರು ಹಾಕಿ ಮುಚ್ಚಳ ತೆರೆದಿಟ್ಟರೆ, ಬೆಳಗಾಗುವಷ್ಟರಲ್ಲಿ ಆ ತಿಳಿನೀರಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಬೆರಳಿಂದ ಮುಟ್ಟಿದರೆ ಚಕ್ಕೆ ಚಕ್ಕೆಯಾಗಿ ಒಡೆಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕುಡಿದು ಸುಣ್ಣ ಮತ್ತೆ ಕಲ್ಲಾಗುವ ಬಗೆ ಅದು. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೆಯೇ. ಸಿಮೆಂಟು ಗಟ್ಟಿಯಾಗುವಾಗ ಅದರ ಹೊಟ್ಟೆಯಲ್ಲಿ ಇದೇ ಸುಣ್ಣ ಉಳಿದಿರುತ್ತದೆ. ಬಿರುಕಿನಲ್ಲಿ ಇಳಿಯುವ ನೀರು ಅದನ್ನು ಕರಗಿಸಿ ಹೊರಗೆ ತಂದು, ಹನಿಯಾಗಿ ನಿಂತಾಗ ಗಾಳಿ ಸೋಕಿ, ಹನಿಯ ಅಂಚಿಗೆ ಒಂದು ಬಿಳಿಯ ಬಳೆ ಕಟ್ಟುತ್ತದೆ. ಹನಿ ಬೀಳುತ್ತದೆ, ಬಳೆ ಉಳಿಯುತ್ತದೆ. ಮುಂದಿನ ಹನಿ ಇನ್ನೊಂದು ಬಳೆ. ಬಳೆಯ ಕೆಳಗೆ ಬಳೆ ಸೇರಿ ಕೊಳವೆ. ಅಂಥ ಹನಿ ಸುಣ್ಣದ ತಿಳಿಯಷ್ಟೇ ಖಾರ, ಕಣ್ಣಿಗೆ ಬಿದ್ದರೆ ಉರಿ. ಮಕ್ಕಳು ಕೈ ಒಡ್ಡದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು.

ಗುಹೆಯ ಹನಿಯದು ಇದಕ್ಕೆ ತಿರುಗುಮುರುಗು. ಮಳೆಯ ನೀರು ಕೊಳೆತ ಎಲೆ, ಬೇರು ತುಂಬಿದ ಮಣ್ಣಿನಲ್ಲಿ ಇಳಿಯುವಾಗಲೇ ಆ ಅನಿಲವನ್ನು ಹೀರಿಕೊಂಡು ಸೋಡಾದ ಹಾಗೆ ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸಿ ಹೊತ್ತು ತರುತ್ತದೆ. ಗುಹೆಯ ಬಯಲಿಗೆ ಬಂದಾಗ ಅನಿಲ ಹಾರಿಹೋಗಿ, ಹೊತ್ತು ತಂದ ಸುಣ್ಣವನ್ನು ಅಲ್ಲೇ ಇಳಿಸುತ್ತದೆ. ಗುಹೆಯ ಹನಿ ಉಸಿರು ಬಿಟ್ಟು ಕಲ್ಲಾಗುತ್ತದೆ, ನಮ್ಮ ಪೋರ್ಟಿಕೋದ ಹನಿ ಉಸಿರು ಎಳೆದುಕೊಂಡು ಕಲ್ಲಾಗುತ್ತದೆ. ಅದಕ್ಕೇ ಅದರದು ಸಾವಿರಾರು ವರ್ಷದ ಸಾವಧಾನ, ನಮ್ಮದು ಮೂರೇ ವರ್ಷದ ಆತುರ.

ಈ ಪಾಠವೆಲ್ಲ ಅತ್ತೆಯ ಮಂಚದ ಪಕ್ಕದಲ್ಲೇ ನಡೆಯುತ್ತಿತ್ತು. ಅವರು ಎಲೆಗೆ ಸುಣ್ಣ ಸವರುತ್ತ ಕೇಳುತ್ತಿದ್ದರು. ಅತ್ತೆ ಕುಮಟಾ ಕಡೆಯವರು. ರೊಕ್ಕಿದ್ದರೆ ಗೋಕರ್ಣ, ಸೊಕ್ಕಿದ್ದರೆ ಯಾಣ ಎಂಬ ಗಾದೆಯನ್ನು ಈಗಲೂ ಆಡುವವರು. ಸಣ್ಣ ವಯಸ್ಸಿನಲ್ಲಿ ಶಿವರಾತ್ರಿಗೆ ಕಾಡಿನ ದಾರಿಯಲ್ಲಿ ಯಾಣಕ್ಕೆ ನಡೆದು ಹೋಗುತ್ತಿದ್ದರಂತೆ. ಅಲ್ಲಿನ ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕರೀ ಸುಣ್ಣಕಲ್ಲಿನ ಬಂಡೆ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಭೈರವೇಶ್ವರನ ಬಂಡೆಯ ಬುಡದ ಗುಹೆಯಲ್ಲಿ ಲಿಂಗ, ಲಿಂಗದ ತಲೆಯ ಮೇಲೆ ಬಂಡೆಯಿಂದಲೇ ನೀರು ಹನಿಯುತ್ತದೆ.

“ನೀವಿಬ್ಬರೂ ಎರಡು ದಿನದಿಂದ ಎಂತ ಹುಡುಕುತ್ತಿದ್ದೀರಿ?” ಎಂದರು. ಹೇಳಿದೆವು. ತೂಗುವುದೂ ಇರಬೇಕು, ಹನಿಯುವುದೂ ಇರಬೇಕು, ಅಂಥ ಕನ್ನಡದ ಮಾತು ಬೇಕು ಎಂದೆವು.

“ಅದಕ್ಕೆ ಅಷ್ಟು ಪುಸ್ತಕ ಎಂತಕ್ಕೆ? ಯಾಣದಲ್ಲಿ ದೇವರ ತಲೆ ಮೇಲೆ ನೀರು ತೊಟ್ಟಿಕ್ಕುತ್ತದೆ ಅಂತೇವೆ. ತೊಟ್ಟು ತೊಟ್ಟಾಗಿ ಬೀಳುತ್ತದೆ ಅಂತೇವೆ. ಮಾವಿನಕಾಯಿ ಮರದಲ್ಲಿ ಎಂತದರಿಂದ ನೇತಾಡುತ್ತದೆ? ಅದೂ ತೊಟ್ಟೇ ಅಲ್ಲವಾ?” ಎಂದು ಎಲೆ ಮಡಿಸಿ ಬಾಯಿಗಿಟ್ಟರು. ಸ್ವಲ್ಪ ಹೊತ್ತು ಜಗಿದು, ನನ್ನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದರು. “ಮಗು ಬಾಯಿಡುವುದೂ ತೊಟ್ಟಿಗೇ. ಇಬ್ಬರೂ ಅದೇ ಕುಡಿದವರು. ಒಬ್ಬ ಮೇಲಿದ್ದಾನೆ, ಒಬ್ಬ ಕೆಳಗಿದ್ದಾನೆ.”

ನಾನು ಸುಮ್ಮನಾದೆ. ಆಮೇಲೆ 1894ರ ಕಿಟ್ಟೆಲ್ ನಿಘಂಟನ್ನು ತೆಗೆದು ನೋಡಿದೆ. ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ ಆ ದಪ್ಪ ಪುಸ್ತಕದಲ್ಲಿ ಹಣ್ಣಿನ ತೊಟ್ಟು, ಮೊಲೆಯ ತೊಟ್ಟು, ನೀರಿನ ತೊಟ್ಟು ಎಲ್ಲವೂ ಇದ್ದವು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಹೊಳೆಯದೆ ಇದ್ದದ್ದು ನಾಲ್ಕನೆಯ ಇಯತ್ತೆ ಓದಿದ ಅತ್ತೆಗೆ ಹೊಳೆದಿತ್ತು. ಗ್ರೀಕರ ಪದದಲ್ಲಿ ಹನಿ ಮಾತ್ರ ಇದೆ. ಊಡಲಮರ್ರಿಯಲ್ಲಿ ಇಳಿಬೀಳುವುದು ಮಾತ್ರ ಇದೆ. ನಮ್ಮ ತೊಟ್ಟಿನಲ್ಲಿ ಎರಡೂ ಇವೆ. ಕಟೀಲಿನ ಹತ್ತಿರ ನೆಲ್ಲಿತೀರ್ಥ ಎಂಬ ಗುಹೆಯಿದೆ. ಅಲ್ಲಿ ಚಾವಣಿಯಿಂದ ನೆಲ್ಲಿಕಾಯಿಯಂತೆ ಹನಿ ಬೀಳುವುದರಿಂದ ಆ ಹೆಸರು ಎಂದು ಅಲ್ಲಿನವರು ಹೇಳುತ್ತಾರೆ. ನಮ್ಮವರ ಕಣ್ಣು ಮೊದಲಿನಿಂದಲೂ ಹೀಗೆಯೇ. ಹನಿಯಲ್ಲಿ ಕಾಯಿ ಕಾಣುತ್ತದೆ, ಕಾಯಿಗೆ ತೊಟ್ಟು ಇದ್ದೇ ಇರುತ್ತದೆ.

“ತೊಟ್ಟುಗಲ್ಲು” ಎಂದು ಮೊಮ್ಮಗಳು ಎರಡು ಸಲ ಹೇಳಿ ನೋಡಿದಳು. ಒಪ್ಪಿಗೆಯಾಯಿತು. ಪುಸ್ತಕದಲ್ಲಿ ಬರೆದುಕೊಂಡಳು. ಬರೆದವಳು ಪೆನ್ಸಿಲು ಕಚ್ಚಿಕೊಂಡು ಕೇಳಿದಳು. “ಹಾಗಾದರೆ ಅಜ್ಜಿ, ಈ ತೊಟ್ಟಿನ ನೀರು ಎಲ್ಲಿಂದ ಬರುತ್ತೆ? ಈಗ ಮಳೆಯೇ ಇಲ್ಲವಲ್ಲ?”

“ಇನ್ನೆಲ್ಲಿಂದ? ಚಿಕ್ಕಜ್ಜಿಯ ಗಿಡದ ಕುಂಡಗಳಿಂದ” ಎಂದೆ.

“ಯಾವ ಗಿಡ?” ಅವಳು ನಿಜಕ್ಕೂ ಆಶ್ಚರ್ಯದಿಂದ ಕೇಳಿದಳು. ದಿನಕ್ಕೆ ಹತ್ತು ಸಲ ಮೇಲೆ ಕೆಳಗೆ ಓಡಾಡುವವಳು ಅವಳು. “ಅಲ್ಲಿ ಗಿಡವೇ ಇಲ್ಲ ಅಜ್ಜಿ. ಬರೀ ಖಾಲಿ ಕುಂಡ. ಬೋರಲು ಹಾಕಿಟ್ಟಿದ್ದಾರೆ.”

ನಾನು ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಬಾಲ್ಕನಿಗೆ ಎದೆಯೆತ್ತರದ ಗೋಡೆ, ಕೆಳಗಿನಿಂದ ಏನೂ ಕಾಣದು. ಮೂರು ವರ್ಷದಿಂದ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಅತ್ತೆ ಮಾತಾಡದೆ ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು.

ಮಾರನೆಯ ದಿನ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿದೆವು. ಆತ ಚಾವಣಿ ನೋಡಿ, “ಇದನ್ನು ಎಷ್ಟು ಸಲ ಕೆರೆಸಿದಿರಿ ಅಮ್ಮ?” ಎಂದು ಕೇಳಿ ನಕ್ಕ. “ಕೆಳಗೆ ಕೆರೆದರೆ ಏನು ಬಂತು? ನೀರು ಯಾರದು ಅಂತ ಮೊದಲು ನೋಡಬೇಕು.” ಓಲೆ ವೋರ್ಮ್ ಮಹಾಶಯರು ಹೇಳಿದ್ದೂ ಇದನ್ನೇ ಎಂದು ನನಗೆ ಅನ್ನಿಸಿತು. ಆತ ಬಾಲ್ಕನಿಯ ನೀರುಗಂಡಿಗೆ ಬಟ್ಟೆ ತುರುಕಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿದ. ಕೆಳಗೆ ಹನಿಯ ವೇಗ ಬದಲಾಗಲಿಲ್ಲ. ಮೊಮ್ಮಗಳು ಗಡಿಯಾರ ಹಿಡಿದು ಎಣಿಸಿದ್ದಳು, ಹನ್ನೆರಡು ನಿಮಿಷಕ್ಕೊಂದು. ಆಮೇಲೆ ತಾರಸಿಯ ಮೇಲಿನ ನಮ್ಮ ಟ್ಯಾಂಕಿನ ವಾಲ್ವು ಕಟ್ಟಿದ. ನಮ್ಮ ಅಡುಗೆಮನೆಗೆ ಇಳಿಯುವ ಪೈಪು ಅವರ ಬಾಲ್ಕನಿಯ ಗೋಡೆಯೊಳಗೆ ಹಾದು ಬರುತ್ತದೆ. ಎರಡನೆಯ ದಿನ ಸಂಜೆಗೆ ತೊಟ್ಟುಗಲ್ಲಿನ ತುದಿಯಲ್ಲಿ ಹನಿ ಇರಲಿಲ್ಲ.

ನೀರು ನಮ್ಮದೇ. ನಮ್ಮ ಟ್ಯಾಂಕಿನದು, ನಮ್ಮ ಪೈಪಿನದು, ನಾನು ದಿನವೂ ಅಕ್ಕಿ ತೊಳೆಯುವ ನೀರು.

ನಮ್ಮವರು ಪೇಪರು ಮಡಿಸಿ, “ನಾನು ತಮ್ಮನ ಹತ್ತಿರ ಮಾತಾಡುತ್ತೇನೆ ಬಿಡು” ಎಂದರು. ಬೇಡ ಎಂದೆ. ಆಡಿದವಳು ನಾನು. ಎಂಟು ಹೆಂಗಸರ ಮುಂದೆ ಆಡಿದ್ದನ್ನು ಗಂಡಸರು ಪೈಪಿನ ರಿಪೇರಿಯ ಲೆಕ್ಕದಲ್ಲಿ ಸೇರಿಸಿ ಮುಗಿಸಲಾಗದು.

ಹದಿನೆಂಟು ಮೆಟ್ಟಿಲು. ಮಂಡಿ ನೋವಿಗಿಂತ ಹೆಚ್ಚಾಗಿ ಇನ್ನೇನೋ ಭಾರವಿತ್ತು. ಬಾಗಿಲು ತೆರೆದವಳು ಒಂದು ಕ್ಷಣ ನಿಂತು, “ಬನ್ನಿ ಅಕ್ಕ” ಎಂದಳು. ಒಳಗೆ ಹೋಗದೆ ಬಾಲ್ಕನಿಗೇ ಹೋದೆ. ಹದಿನಾಲ್ಕು ಕುಂಡಗಳು ಸಾಲಾಗಿ ಬೋರಲು ಬಿದ್ದಿದ್ದವು. ಮೂಲೆಯಲ್ಲಿ ಒಂದು ತುಳಸಿ ಮಾತ್ರ, ಅದರ ಕೆಳಗೆ ಅಗಲವಾದ ತಟ್ಟೆ, ಒಂದು ತೊಟ್ಟೂ ನೆಲಕ್ಕೆ ಬೀಳದ ಹಾಗೆ.

“ನೀರು ನಮ್ಮದೇ ಕಣೆ” ಎಂದೆ. ಬೇರೆ ಮಾತು ಯೋಚಿಸಿಟ್ಟುಕೊಂಡು ಹತ್ತಿದ್ದೆ, ಯಾವುದೂ ಬರಲಿಲ್ಲ.

ಅವಳು ತುಳಸಿಯ ಒಣ ಎಲೆ ಕೀಳುತ್ತ ಹೇಳಿದಳು. “ಒಂದು ತಿಂಗಳು ಗಿಡಕ್ಕೆ ನೀರು ಹಾಕದೆ ನೋಡಿದೆ ಅಕ್ಕ. ಆಮೇಲೂ ಸೋರುತ್ತಲೇ ಇದೆ ಅಂತ ಇವರು ಅತ್ತೆಯನ್ನು ಕೇಳಿಕೊಂಡು ಬಂದು ಹೇಳಿದರು. ಅಷ್ಟರಲ್ಲಿ ಮಲ್ಲಿಗೆ ಒಣಗಿತ್ತು.”

“ಹಾಗಾದರೆ ಬಂದು ಹೇಳಬಾರದಿತ್ತೇ?”

“ಹೇಳಿದ್ದರೆ ಕೇಳುತ್ತಿದ್ದಿರಾ?”

ಕೇಳುತ್ತಿದ್ದೆ ಎಂದು ಬಾಯಿ ತುದಿಗೆ ಬಂತು. ಸುಳ್ಳು ಹೇಳಲು ಆಗಲಿಲ್ಲ. ಕಲೆ ಕಂಡ ದಿನವೇ ನಾನು ತೀರ್ಪು ಬರೆದಾಗಿತ್ತು. ಆಮೇಲೆ ಬಿದ್ದ ಒಂದೊಂದು ಹನಿಯೂ ನನಗೆ ಸಾಕ್ಷಿಯಾಗಿ ಕಂಡಿತ್ತೇ ಹೊರತು ಪ್ರಶ್ನೆಯಾಗಿ ಕಾಣಲಿಲ್ಲ. ನೇತಾಡುತ್ತಿರುವುದನ್ನು ನೋಡಿದೆ, ಸೋರುವುದು ಎಲ್ಲಿಂದ ಎಂದು ನೋಡಲಿಲ್ಲ.

ಅವಳು ಒಳಗೆ ಹೋಗಿ ಕಾಫಿ ತಂದಳು. ತಪ್ಪಾಯಿತು, ಇರಲಿ ಬಿಡಿ, ಇಂಥ ಮಾತುಗಳೆಲ್ಲ ಸಿನಿಮಾದಲ್ಲಿ ಆಡುವಷ್ಟು ಸಲೀಸಾಗಿ ಮನೆಯಲ್ಲಿ ಬರುವುದಿಲ್ಲ. ಇಬ್ಬರೂ ರಸ್ತೆ ನೋಡುತ್ತ ಕುಡಿದೆವು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ನಾನು ಅವಳಿಗೆ ಹೇಳಿರಲಿಲ್ಲ.

ಪೈಪು ಬದಲಾಯಿಸಿ ಈಗ ತಿಂಗಳ ಮೇಲಾಯಿತು. ಮೇಸ್ತ್ರಿ ಚಾವಣಿಯನ್ನು ಕೆರೆದು ಕೊಡುತ್ತೇನೆ ಎಂದಾಗ ಅತ್ತೆ ಬೇಡವೆಂದರು. ಒಣಗಿದ ತೊಟ್ಟುಗಲ್ಲು ಹಾಗೆಯೇ ಇದೆ. ಮೊಮ್ಮಗಳು ಊರಿಗೆ ಹೋಗುವಾಗ ಅದರ ತುದಿಯ ಒಂದಂಗುಲ ಚೂರನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಇಟ್ಟುಕೊಂಡು ಹೋದಳು, ಶಾಲೆಯಲ್ಲಿ ತೋರಿಸಲು. ಪೊಟ್ಟಣದ ಮೇಲೆ ಕನ್ನಡದಲ್ಲೇ ಹೆಸರು ಬರೆದಿದ್ದಾಳೆ.

ಹಿಂದಿನ ಭಾನುವಾರ ನಾನು ಎರಡು ಮಲ್ಲಿಗೆ ಸಸಿ ತಂದು ಮೇಲೆ ಕೊಟ್ಟೆ. ಒಂದು ಸಸಿ ಹಿಡಿಯಿತಂತೆ, ಇನ್ನೊಂದು ಹೇಳಲಾಗದಂತೆ. ಮೈದುನ ಈಗ ಮುಂದಿನ ಬಾಗಿಲಿನಿಂದ ಬರುತ್ತಾನೆ, ಬಂದರೆ ಅರ್ಧ ಗಂಟೆ ಕೂರುತ್ತಾನೆ. ಸಂಜೆ ಐದೂವರೆಗೆ ಮೇಲೆ ಬಾಲ್ಕನಿಯಲ್ಲಿ ಚೆಂಬಿನಿಂದ ನೀರು ಹಾಕುವ ಸದ್ದು ಕೇಳಿಸುತ್ತದೆ. ಹಳೆಯ ಅಭ್ಯಾಸ, ನಾನು ಪೋರ್ಟಿಕೋಗೆ ಬಂದು ತಲೆಯೆತ್ತಿ ನೋಡುತ್ತೇನೆ. ಕಲ್ಲು ಒಣಗಿಯೇ ಇರುತ್ತದೆ.